ಬರಿಗಾಲಿನ ಪಾಲು

ಬಿಳೇಕಲ್ಲಿನ ದೇಸಾಯರ ವಾಡೆಗೆ ಎರಡು ಬಾಗಿಲು. ವಾಡೆ ಎಂದ ಮೇಲೆ ಎರಡು ಬಾಗಿಲು ಇದ್ದೇ ಇರುತ್ತವೆ, ಅದರಲ್ಲೇನು ಹೆಚ್ಚುಗಾರಿಕೆ ಎಂದು ಮೂಗು ಮುರಿಯಬೇಡಿ. ಇಲ್ಲಿ ಮುಂಬಾಗಿಲು ನಿಜಾಮ ಸರಕಾರದವರಿಗೆ, ಹಿಂಬಾಗಿಲು ಓಡಿಹೋದ ಅರಸನ ಕಡೆಯವರಿಗೆ. ಅಡುಗೆಮನೆ ಒಂದೇ, ಹೋಳಿಗೆ ಒಂದೇ, ಬಡಿಸುವ ಬಾಗಿಲು ಮಾತ್ರ ಬೇರೆ. ಮುಂಬಾಗಿಲಲ್ಲಿ ಅಣ್ಣ ಆದೆಪ್ಪ ದೇಸಾಯಿ ಜರಿ ರುಮಾಲು ಸುತ್ತಿಕೊಂಡು ತಹಸೀಲದಾರರಿಗೆ ಸಲಾಮು ಮಾಡುತ್ತಿದ್ದ. ಹಿಂಬಾಗಿಲಲ್ಲಿ ತಮ್ಮ ಅಂಬಪ್ಪ ಬರಿಗಾಲಲ್ಲಿ ನಿಂತು, ಅರಸನಿಗೆ ಹೋಗುವ ಜೋಳದ ಚೀಲಗಳನ್ನು ಬಂಡಿಗೆ ಏರಿಸುತ್ತಿದ್ದ.

ಈ ಬರಿಗಾಲಿಗೆ ಒಂದು ಹಿನ್ನೆಲೆ ಉಂಟು. ಮೂವತ್ತು ವರ್ಷದ ಹಿಂದೆ ಎರೆಗುಡ್ಡದ ಅರಸ ನಿಜಾಮ ಸರಕಾರಕ್ಕೆ ಕಪ್ಪ ಕೊಡುವುದಿಲ್ಲ ಎಂದು ಮೀಸೆ ತಿರುವಿದ. ಮಸ್ಕಿಯ ಗುಡ್ಡದ ಕೆಳಗೆ ಯುದ್ಧವೂ ನಡೆಯಿತು. ಯುದ್ಧ ಎಂದರೆ ದೊಡ್ಡ ಮಾತಾಯಿತು. ಬೆಳಗಿನ ರೊಟ್ಟಿ ತಿಂದು ಹೋದವರು ಮಧ್ಯಾಹ್ನದ ರೊಟ್ಟಿಗೆ ಮನೆಯಲ್ಲಿದ್ದರು. ಅರಸ ಮಾತ್ರ ಬರಲಿಲ್ಲ. ಅವನು ಕುದುರೆ ಏರಿ ಸಿಂಧನೂರು ದಾಟಿ, ತುಂಗಭದ್ರೆ ದಾಟಿ, ಕಂಪನಿ ಸರಕಾರದ ಮಗ್ಗುಲಿಗೆ ಹೋಗಿ ಕುಳಿತ. ಕಂಪನಿಯವರು ಅವನಿಗೊಂದು ಪಿಂಚಣಿ ಗೊತ್ತು ಮಾಡಿದರು. ಹೊಳೆ ದಾಟಿ ನಿಜಾಮರ ನೆಲಕ್ಕೆ ಕಾಲಿಟ್ಟ ದಿನ ಪಿಂಚಣಿ ಬಂದ್ ಎಂದು ಷರತ್ತನ್ನೂ ಹಾಕಿದರು.

ಇತ್ತ ಬಿಳೇಕಲ್ಲಿನಲ್ಲಿ ಈ ಅಣ್ಣತಮ್ಮಂದಿರ ಅಪ್ಪ, ಹಿರಿಯ ದೇಸಾಯಿ, ತಲೆ ಮೇಲೆ ಕೈ ಹೊತ್ತು ಕುಳಿತ. ಅರಸ ತಿರುಗಿ ಬಂದರೆ ನಿಜಾಮರ ಕಡೆ ನಿಂತವರ ಹೊಲ ಹೋಗುತ್ತದೆ. ಬಾರದೆ ಹೋದರೆ ಅರಸನ ಕಡೆ ನಿಂತವರ ಹೊಲ ಹೋಗುತ್ತದೆ. ಯಾವ ಕಡೆ ನಿಲ್ಲುವುದು? ದೇವರು ತನಗೆ ಇಬ್ಬರು ಗಂಡುಮಕ್ಕಳನ್ನು ಕೊಟ್ಟಿದ್ದು ಇದಕ್ಕೇ ಎಂದು ಅವನಿಗೆ ಹೊಳೆದದ್ದು ಆಗ. ಹಿರಿಯನನ್ನು ನಿಜಾಮರಿಗೆ ಕೊಟ್ಟ, ಕಿರಿಯನನ್ನು ಅರಸನಿಗೆ ಕೊಟ್ಟ. ಹೆಣ್ಣು ಕೊಟ್ಟು ಬೀಗತನ ಬೆಳೆಸುವವರನ್ನು ನೀವು ಕಂಡಿದ್ದೀರಿ. ಈ ಪುಣ್ಯಾತ್ಮ ಗಂಡು ಕೊಟ್ಟು ಎರಡೂ ಕಡೆ ಬೆಳೆಸಿದ.

ಅಂಬಪ್ಪ ಆಗ ಇನ್ನೂ ಚಿಕ್ಕವನು. ಹೊಸ ಚಪ್ಪಲಿ ಹೊಲಿಸಿಕೊಟ್ಟಿದ್ದರು, ಅದನ್ನು ಮೆಟ್ಟಿಕೊಂಡೇ ಗುಡಿಗೆ ಹೋಗಿದ್ದ. ಅಲ್ಲಿ ಅಮರೇಶ್ವರನ ಮುಂದೆ ಅಪ್ಪ ಅವನಿಂದ ಆಣೆ ಮಾಡಿಸಿದ: ಎರೆಗುಡ್ಡದ ಅರಸರ ಪಾದ ಹೊಳೆಯ ಈ ದಂಡೆಯನ್ನು ಮುಟ್ಟುವ ತನಕ ಕಿರಿಯನ ಪಾದಕ್ಕೆ ಚರ್ಮ ಮುಟ್ಟಿಸುವುದಿಲ್ಲ. ಆಣೆ ಇರುವ ತನಕ ಬಾವಿಹೊಲ ಕಿರಿಯನ ಪಾಲಿಗೆ. ಆಣೆ ಮುರಿದರೆ ಹೊಲ ತಿರುಗಿ ಹಿರಿಯನಿಗೆ, ಅರಸರು ಬಂದು ಆಣೆ ತೀರಿದರೆ ಕಾಯಂ ಕಿರಿಯನಿಗೇ. ಹುಡುಗ ಗುಡಿಯಲ್ಲಿ ಬಿಟ್ಟು ಬಂದ ಚಪ್ಪಲಿಗಾಗಿ ಬಿಳೇಕಲ್ಲು ಮುಟ್ಟುವವರೆಗೂ ಅತ್ತ. ಅರಸನಿಗಾಗಿ ಅಳುತ್ತಾನೆ ಎಂದು ಅಪ್ಪ ಊರವರಿಗೆಲ್ಲ ಹೇಳಿದ.

ಇದರ ಜೊತೆಗೆ ಇನ್ನೊಂದು ಪದ್ಧತಿ. ತಹಸೀಲದಾರರು ವಾಡೆಗೆ ಊಟಕ್ಕೆ ಬಂದಾಗ ಕೊನೆಗೆ ತಾಂಬೂಲ ಕೊಡುತ್ತಾರೆ. ಎಲ್ಲರೂ ಅದನ್ನು ಹಣೆಗೆ ಮುಟ್ಟಿಸಿ ಹುಜೂರ್ ನಿಜಾಮ ಸರಕಾರಕ್ಕೆ ಆಯುಷ್ಯ ಕೋರಬೇಕು. ಅಂಬಪ್ಪನೂ ಕೋರುತ್ತಿದ್ದ. ಆದರೆ ಅವನ ಮುಂದೆ ಹೊಳೆಯ ನೀರು ತುಂಬಿದ ಒಂದು ತಾಮ್ರದ ಬಟ್ಟಲು ಇರುತ್ತಿತ್ತು. ತಾಂಬೂಲ ಹಿಡಿದ ಕೈಯನ್ನು ಆ ನೀರಿನ ಮೇಲೆ ಹಾಯಿಸಿ ಹಣೆಗೆ ಮುಟ್ಟಿಸುತ್ತಿದ್ದ. ಅಂದರೆ ಈ ಮರ್ಯಾದೆ ನಿಮಗಲ್ಲ, ನೀರಿನ ಆಚೆ ಇರುವವರಿಗೆ ಎಂದು ಅರ್ಥ. ಊರಿಗೆಲ್ಲ ಇದು ಗೊತ್ತು, ದನ ಕಾಯುವವರಿಗೂ ಗೊತ್ತು, ತಹಸೀಲದಾರರಿಗೊಬ್ಬರಿಗೆ ಗೊತ್ತಿಲ್ಲ. ಅವರು ಇದೇನೋ ಮಡಿಯ ಬಾಬತ್ತು ಎಂದುಕೊಂಡು, ದೇಸಾಯರ ತಮ್ಮ ದೊಡ್ಡ ಭಕ್ತ, ಬರಿಗಾಲಿನ ಹರಕೆ ಹೊತ್ತವನು ಎಂದು ಬಂದವರ ಮುಂದೆಲ್ಲ ಹೊಗಳುತ್ತಿದ್ದರು.

ಹೊಗಳಿಕೆಯಿಂದ ಹಿಮ್ಮಡಿ ಒಡೆಯುವುದು ನಿಲ್ಲುತ್ತದೆಯೇ? ಎರೆನೆಲ ಬೇಸಿಗೆಯಲ್ಲಿ ಹಂಚಿನಂತೆ ಕಾಯುತ್ತದೆ, ಮಳೆಗಾಲದಲ್ಲಿ ಕಾಲನ್ನು ನುಂಗುತ್ತದೆ, ನಡುವಿನ ದಿನಗಳಲ್ಲಿ ಜಾಲಿಮುಳ್ಳು. ಅಂಬಪ್ಪನ ಹೆಂಡತಿ ಶೇಖರಮ್ಮ ದಿನಾ ಮಧ್ಯಾಹ್ನ ಅಡುಗೆಮನೆಯ ಹೊಸ್ತಿಲಲ್ಲಿ ಗಂಡನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಚಿಮಟದಿಂದ ಮುಳ್ಳು ತೆಗೆಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅವಳಿಗೂ ಇದು ಹೆಮ್ಮೆಯ ಕೆಲಸ ಅನ್ನಿಸಿತ್ತು. ಮಗಳು ಹುಟ್ಟಿ, ಆ ಮಗಳಿಗೂ ಮದುವೆಯಾಗಿ ಹೋಗುವ ಹೊತ್ತಿಗೆ ಆ ಹೆಮ್ಮೆಯೂ ಒಂದು ಮುಳ್ಳಾಗಿ ಕೂತಿತ್ತು.

ಆ ಚಳಿಗಾಲ ಒಂದು ಮುಳ್ಳು ಹಿಮ್ಮಡಿಯ ಒಳಗೆ ಮುರಿಯಿತು. ಚಿಮಟಕ್ಕೆ ಸಿಗಲಿಲ್ಲ. ಎಕ್ಕೆಯ ಹಾಲು ಹಚ್ಚಿದರು, ಬೆಲ್ಲ ಸುಣ್ಣ ಕಟ್ಟಿದರು, ಬಳಗಾನೂರಿನ ನಾಟಿವೈದ್ಯನನ್ನು ಕರೆಸಿ ಸುಡಿಸಿದರು. ಕಾಲು ಊದಿಕೊಂಡು ಕುಂಬಳಕಾಯಿ ಆಯಿತು, ವಾಸನೆ ಹೊಡೆಯತೊಡಗಿತು. ಶೇಖರಮ್ಮ ಯಾರನ್ನೂ ಕೇಳಲಿಲ್ಲ. ಬಂಡಿ ಹೂಡಿಸಿ, ಗಂಡನನ್ನು ಹುಲ್ಲಿನ ಮೇಲೆ ಮಲಗಿಸಿ ಮಸ್ಕಿಯ ಮೇಲಿಂದ ಲಿಂಗಸುಗೂರಿನ ಹಾದಿ ಹಿಡಿದಳು.

ಲಿಂಗಸುಗೂರಿನಲ್ಲಿ ಆಗ ಪಲ್ಟನ್ನಿನ ಛಾವಣಿ, ಎಂದರೆ ಸಿಪಾಯಿಗಳ ಬೀಡು, ಇತ್ತು. ಛಾವಣಿಯ ದವಾಖಾನೆಗೆ ಫಾರ್ಕರ್ ಎಂಬ ಡಾಕ್ಟರ ಸಾಹೇಬ. ಕೆಂಪು ಮೀಸೆಯ, ಒಣಕಲು ದೇಹದ ಮನುಷ್ಯ. ಸಿಪಾಯಿಗಳ ಹತ್ತಿರ ದಖನಿ ಉರ್ದು ಕಲಿತಿದ್ದನಾದ್ದರಿಂದ ಅವನ ಮಾತಿನಲ್ಲಿ ಅರ್ಧ ಮಾತು, ಅರ್ಧ ಬೈಗುಳ. ಕಂಪೌಂಡರ್ ಶೇಕ್ಷಾವಲಿ ಬೈಗುಳವನ್ನು ತೆಗೆದು ಉಳಿದದ್ದನ್ನು ಕನ್ನಡಕ್ಕೆ ತಿರುವಿ ಹೇಳುತ್ತಿದ್ದ.

ಸಾಹೇಬ ಹಿಮ್ಮಡಿ ಕೊಯ್ದು, ಮುರಿದ ಮುಳ್ಳು ತೆಗೆದು, ತಗಡಿನ ಬೋಗುಣಿಯಲ್ಲಿ ಬಿಸಿನೀರು ಹಾಕಿ ತೊಳೆದ. ಇನ್ನು ಮೇಲೆ ಬರಿಗಾಲನ್ನು ನೆಲಕ್ಕೆ ತಾಗಿಸಕೂಡದು, ಮೆತ್ತನೆ ಚರ್ಮದ ಚಪ್ಪಲಿ ಮೆಟ್ಟಬೇಕು ಎಂದ. ಇಲ್ಲದಿದ್ದರೆ ಕೊಳೆತ ಎಲುಬಿಗೆ ಇಳಿಯುತ್ತದೆ, ಯುಗಾದಿಯ ಹೊತ್ತಿಗೆ ತಾನೇ ಗರಗಸ ಹಿಡಿದು ಕಾಲನ್ನು ಹರಡಿನ ಗಂಟಿನ ಹತ್ತಿರ ಕಡಿಯಬೇಕಾಗುತ್ತದೆ ಎಂದೂ ಹೇಳಿದ. ಅಂಬಪ್ಪ ಚಪ್ಪಲಿ ಮೆಟ್ಟಲು ಬರುವುದಿಲ್ಲ ಅಂದ. ಯಾಕೆ ಎಂದು ಸಾಹೇಬ ಕೇಳಿದ. ಹೇಳುವುದೋ ಬೇಡವೋ ಎಂದು ಅಂಬಪ್ಪ ತಿಣುಕುತ್ತಿರುವಾಗ ಶೇಖರಮ್ಮನೇ ಎಲ್ಲವನ್ನೂ ಹೇಳಿಬಿಟ್ಟಳು. ಅರಸ, ಆಣೆ, ಎರಡು ಬಾಗಿಲು, ಬಟ್ಟಲಿನ ನೀರು, ಯಾವುದನ್ನೂ ಬಿಡಲಿಲ್ಲ.

ಬಟ್ಟಲಿನ ನೀರಿನ ಮಾತು ಬಂದ ಕೂಡಲೇ ಸಾಹೇಬನ ಕೈ ನಿಂತಿತು. ಅದನ್ನು ಇನ್ನೊಮ್ಮೆ ಹೇಳಿಸಿದ. ಆಮೇಲೆ ಮುಕ್ಕಾಲಿಯ ಮೇಲೆ ಕುಳಿತು ನಗಲು ಶುರುಮಾಡಿದ. ನಕ್ಕು ನಕ್ಕು ಕಣ್ಣು ಒರೆಸಿಕೊಂಡು, ಔಷಧಿಯ ಕಪಾಟಿನಿಂದ ಒಂದು ಬಾಟಲಿ ತೆಗೆದು ಲೋಟಕ್ಕೆ ಸುರುವಿಕೊಂಡ. ಆ ಲೋಟವನ್ನು, ಅಂಬಪ್ಪನ ಕೀವು ತೊಳೆದ ಬೋಗುಣಿಯ ಮೇಲೆ ಅತ್ತಿಂದಿತ್ತ ಹಾಯಿಸಿ, ಗಟಗಟ ಕುಡಿದ. ಗಂಡಹೆಂಡಿರು ಮುಖ ಮುಖ ನೋಡಿಕೊಂಡರು.

ಸಾಹೇಬನ ಕಥೆಯನ್ನು ಶೇಕ್ಷಾವಲಿ ತುಸು ತಡವರಿಸುತ್ತಲೇ ಹೇಳಿದ. ಸಾಹೇಬನದು ಸ್ಕಾಟ್ಲೆಂಡ್ ಎಂಬ ಸೀಮೆ, ಬರೀ ಗುಡ್ಡ, ಬರೀ ಮಳೆ. ಅಲ್ಲಿ ಸ್ಟುವರ್ಟ್ ಎಂಬ ಅರಸು ಮನೆತನ ಇತ್ತು. ಅವರನ್ನು ಓಡಿಸಿ ಬೇರೆಯವರು ಗಾದಿ ಹಿಡಿದರು, ಇವರು ಸಮುದ್ರದ ಆಚೆ ಹೋಗಿ ಕುಳಿತರು. ಗುಡ್ಡದ ಜಮೀನುದಾರರು ಕೆಲವರು ನಮಗೆ ಅವರೇ ಅರಸರು ಎಂದು ಪಟ್ಟು ಹಿಡಿದರು. ಒಮ್ಮೆ ಅರಸನ ಮಗ ಬಂದ, ಒಂದು ಬಯಲಲ್ಲಿ ಯುದ್ಧ ಆಯಿತು, ಅನ್ನ ಬೇಯುವಷ್ಟು ಹೊತ್ತಿನಲ್ಲಿ ಸೋತರು. ಮಗ ಹೆಣ್ಣುಡುಗೆ ಉಟ್ಟುಕೊಂಡು ಓಡಿಹೋದ. ಇದನ್ನು ತಿರುವುವಾಗ ಶೇಕ್ಷಾವಲಿ ಮರ್ಯಾದೆಯಿಂದ ತಲೆ ತಗ್ಗಿಸಿದ. ಆಮೇಲೆ ಜಮೀನುದಾರರು ತಮ್ಮ ತಮ್ಮ ವಾಡೆಗಳಲ್ಲಿ ಕುಳಿತು, ಹೊಸ ಅರಸನ ಹೆಸರಲ್ಲಿ ಲೋಟ ಎತ್ತುವಾಗ ಅದನ್ನು ನೀರಿನ ಮೇಲೆ ಹಾಯಿಸಿ ಕುಡಿಯುತ್ತಿದ್ದರು. ಎಷ್ಟೋ ಮನೆಗಳಲ್ಲಿ ಅಪ್ಪಂದಿರು ಒಬ್ಬ ಮಗನನ್ನು ಈ ಕಡೆ, ಒಬ್ಬನನ್ನು ಆ ಕಡೆ ಕಳಿಸಿದ್ದರು. ಸಾಹೇಬನ ಮನೆಯಲ್ಲೂ ಹಾಗೆಯೇ ಆಗಿತ್ತು.

ಅಂಬಪ್ಪ ಕೇಳಿದ್ದು ಒಂದೇ ಮಾತು. ‘ಕಡೀಕ ಹೊಲ ಯಾರಿಗೆ ಉಳೀತಂತ್ರಿ?’

ಶೇಕ್ಷಾವಲಿ ಕೇಳಿ ಹೇಳಿದ. ‘ಹಿರಿಯಾಂವಗ ಉಳೀತಂತ. ಸಾಹೇಬರು ಕಿರಿಯಾನ ಕಡೇರಂತ. ಅದಕ್ಕ ಇಷ್ಟು ದೂರ ಬಂದು ನಿನ್ನ ಹಿಮ್ಮಡ ತೊಳ್ಯಾಕತ್ತೀನಿ ಅಂತಾರ.’

ಆ ಅರಸ ತಿರುಗಿ ಬಂದನೋ ಎಂದು ಶೇಖರಮ್ಮ ಕೇಳಿದಳು. ಇಲ್ಲ, ಪರದೇಶದಲ್ಲಿ ಉಂಡು, ಕುಡಿದು, ದಪ್ಪಗಾಗಿ ಸತ್ತ ಎಂದು ಉತ್ತರ ಬಂತು. ಬಂಡಿಯಲ್ಲಿ ತಿರುಗಿ ಬರುವಾಗ ಅಂಬಪ್ಪನಿಗೆ ನೋವಿಗಿಂತ ಹೆಚ್ಚಾಗಿ ಆ ಕೆಂಪು ಮೀಸೆಯವನು ಬೋಗುಣಿಯ ಮೇಲೆ ಲೋಟ ಹಾಯಿಸಿದ್ದೇ ಕಣ್ಣಿಗೆ ಕಟ್ಟಿತ್ತು. ಇಷ್ಟು ವರ್ಷ ತಾನೊಬ್ಬನೇ ಪುಣ್ಯವಂತ ಅಂದುಕೊಂಡಿದ್ದ. ಈಗ ನೋಡಿದರೆ ತನ್ನಂಥ ಹುಚ್ಚರು ಸಮುದ್ರದ ಆಚೆಯೂ ಇದ್ದಾರೆ.

ಮನೆಗೆ ಬಂದು ಅಣ್ಣನ ಮುಂದೆ ಕಾಲು ಚಾಚಿ ಕುಳಿತು ಡಾಕ್ಟರ ಮಾತು ಹೇಳಿದ. ಆದೆಪ್ಪ ದೇಸಾಯಿ ಕೆಟ್ಟವನಲ್ಲ. ತಮ್ಮನ ಕಾಲು ನೋಡಿ ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ನೀರು ಬಂದರೂ ಬುದ್ಧಿ ಒಣಗಿರಲಿಲ್ಲ. ಎಲೆಯಡಿಕೆ ಹಾಕಿಕೊಂಡು, ಬಲು ಹೊತ್ತು ಅಗಿದು, ಆಮೇಲೆ ಹೇಳಿದ: ‘ಒಂದು ಕಾಲು ಹೋದ್ರ ನಿಷ್ಠಾ ಏನೂ ಕಮ್ಮಿ ಆಗೂದಿಲ್ಲಪಾ ತಮ್ಮಾ, ಹೆಚ್ಚ ಆಗತೈತಿ. ನಾಳೆ ಅರಸರು ಬಂದ್ರ ನಮ್ಮ ಮನಿತನಕ್ಕ ತೋರಸಾಕ ಇದಕ್ಕಿಂತ ದೊಡ್ಡದು ಏನೈತಿ?’

ಚಪ್ಪಲಿ ಮೆಟ್ಟಿದರೆ ಬಾವಿಹೊಲ ಅಪ್ಪನ ಮಾತಿನ ಪ್ರಕಾರ ತನಗೆ ಬರುತ್ತದೆ, ತಾನೇನು ಬೇಡುತ್ತಿಲ್ಲ, ಅಮರೇಶ್ವರನ ಆಣೆ, ತನ್ನ ಕೈಯಲ್ಲಿ ಏನಿದೆ ಎಂದೂ ಸೇರಿಸಿದ. ಕಾಲು ಉಳಿಸಿಕೊಂಡರೆ ಹೊಲ ಹೋಯಿತು, ಹೊಲ ಉಳಿಸಿಕೊಂಡರೆ ಕಾಲು ಹೋಯಿತು. ಹೊಲವಿಲ್ಲದೆ ಉಣ್ಣುವುದೇನು, ಕಾಲಿಲ್ಲದೆ ಉಳುವುದು ಹೇಗೆ? ಅಂಬಪ್ಪ ಹಿಂಬಾಗಿಲ ಕಟ್ಟೆಯ ಮೇಲೆ ಬಂದು ಕುಳಿತು ಗಂಡಸು ಎಂಬುದನ್ನು ಮರೆತು ಅತ್ತ.

ಶೇಖರಮ್ಮ ಅಳಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು. ‘ಅರಸ ತಾನಾಗಿ ಬರೂದಿಲ್ಲ ಅಂದ್ರ ನೀ ಹೋಗಿ ತಗಂಡು ಬಾ,’ ಅಂದಳು. ‘ರಾಜ್ಯ ಆಳಾಕ ಬ್ಯಾಡ. ಒಂದು ಹೆಜ್ಜಿ ಊರಿ ಹೋಗ್ಲಿ. ಆಣಿಯೊಳಗ ಪಾದ ಅಂತ ಐತಿ, ಗಾದಿ ಅಂತ ಇಲ್ಲ.’

ಅಂಬಪ್ಪ ಹೆಂಡತಿಯ ಮುಖವನ್ನೇ ನೋಡಿದ. ಮೂವತ್ತು ವರ್ಷ ಹೊಳೆಯದೇ ಇದ್ದದ್ದು ಇಷ್ಟೇ ಇಷ್ಟು ಮಾತು. ಅರಸ ದಂಡು ಕಟ್ಟಿಕೊಂಡು, ಕಹಳೆ ಊದಿಸಿಕೊಂಡು ಬರುತ್ತಾನೆ ಎಂದೇ ಎಲ್ಲರೂ ಕಾದಿದ್ದರು. ಸುಮ್ಮನೆ ಬಂದು ಹೋಗು ಎಂದು ಕರೆಯಬಹುದು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಮರುದಿನವೇ ಬಂಡಿ ಸಿಂಧನೂರಿನ ಮೇಲಿಂದ ಹೊಳೆಯ ದಾರಿ ಹಿಡಿಯಿತು. ಬೇಸಿಗೆ ಹತ್ತಿರ ಬಂದಿತ್ತು. ತುಂಗಭದ್ರೆ ಮೊಣಕಾಲು ಮಟ್ಟಕ್ಕೆ ಇಳಿದಿದ್ದಳು. ಹರಿಗೋಲು ಹಾಕುವ ಇಸ್ಮಾಯಿಲ್‌ಸಾಬ್ ಕೆಲಸವಿಲ್ಲದೆ ಹರಿಗೋಲನ್ನು ದಂಡೆಯಲ್ಲಿ ಬೋರಲು ಹಾಕಿ, ಅದರ ನೆರಳಿನಲ್ಲಿ ಕುಳಿತು ಬಲೆ ಹೊಲಿಯುತ್ತಿದ್ದ. ಶೇಖರಮ್ಮ ಬಂಡಿಯಲ್ಲೇ ಉಳಿದಳು. ಅಂಬಪ್ಪ ಪಟ್ಟಿ ಕಟ್ಟಿದ ಕಾಲಿನ ಮೇಲೆ ಬಾಳೆಯ ಪಟ್ಟೆ ಸುತ್ತಿಕೊಂಡು, ಕೋಲೂರಿಕೊಂಡು ಹೊಳೆ ದಾಟಿದ.

ಓಡಿಹೋದ ಅರಸ ಸತ್ತು ಎಷ್ಟೋ ಕಾಲ ಆಗಿತ್ತು. ಈಗ ಅವನ ಮಗ ಕನಕರಾಯನೇ ಎರೆಗುಡ್ಡದ ಪ್ರಭು. ಪ್ರಭುಗಳು ಹೊಳೆಯಾಚೆಯ ಊರಿನಲ್ಲಿ ಒಂದು ಬಾಡಿಗೆ ಮನೆಯಲ್ಲಿ ಇದ್ದರು. ತುಂಬಿದ ಮೈ, ಚಿಕ್ಕ ಕಾಲು, ಆ ಕಾಲಿಗೆ ಬಳ್ಳಾರಿಯ ದಂಡಿನ ಅಂಗಡಿಯಿಂದ ತರಿಸಿದ ಮಿರಮಿರ ಮಿಂಚುವ ಬೂಟು. ರಾಜ್ಯ ಹೋದ ದುಃಖವನ್ನು ಅವರು ಗೌಜಲಹಕ್ಕಿ ಕಾಳಗ ಆಡಿಸುವುದರಲ್ಲಿ ಮರೆಯುತ್ತಿದ್ದರು. ಅಂಬಪ್ಪ ಹೋದಾಗಲೂ ಪಂಜರದ ಮುಂದೆ ಕುಳಿತು ಹಕ್ಕಿಗೆ ಗೆದ್ದಲು ತಿನ್ನಿಸುತ್ತಿದ್ದರು. ಈ ಸಲದ ಜೋಳದಲ್ಲಿ ನುಸಿ ಬಹಳ ಇತ್ತು ಎಂದು ಮೊದಲು ದೂರು ಹೇಳಿದರು. ಆಮೇಲೆ ಕಾಲಿಗೆ ಏನಾಯಿತು ಎಂದು ಕೇಳಿದರು.

ಅಂಬಪ್ಪ ಎಲ್ಲ ಹೇಳಿ ಕೈ ಜೋಡಿಸಿದ. ಒಂದೇ ಒಂದು ಹೆಜ್ಜೆ, ಪ್ರಭು. ಕನಕರಾಯರು ಹೌಹಾರಿದರು. ಆ ದಂಡೆಗೆ ಕಾಲು ತಾಗಿದರೆ ಈ ದಂಡೆಯ ಪಿಂಚಣಿ ಹೋಗುತ್ತದೆ, ಅಲ್ಲಿನವರು ಹಿಡಿದು ಒಳಗೆ ಹಾಕುತ್ತಾರೆ, ನೀನೇನು ನಮ್ಮ ಹಿತೈಷಿಯೋ ಶತ್ರುವೋ ಎಂದು ರೇಗಿದರು. ಅಂಬಪ್ಪ ಅಲ್ಲಿಂದ ಕದಲಲಿಲ್ಲ. ಕದಲಿ ಹೋಗುವುದಾದರೂ ಎಲ್ಲಿಗೆ? ಕೊನೆಗೆ ಅವನ ಬಾಯಿಂದ ದೇವರೇ ಆಡಿಸಿದ ಹಾಗೆ ಒಂದು ಮಾತು ಬಂತು: ನಮ್ಮ ದಂಡೆಯ ಜಾಲಿಯ ಪೊದೆಗಳಲ್ಲಿ ಈ ಸಲ ಗೌಜಲಹಕ್ಕಿ ಕೋಳಿ ಗಾತ್ರ ಆಗಿವೆ.

ಪ್ರಭುಗಳ ಮುಖ ಬದಲಾಯಿತು. ಸ್ವಲ್ಪ ಹೊತ್ತು ಪಂಜರ ನೋಡಿದರು, ಸ್ವಲ್ಪ ಹೊತ್ತು ಬೂಟು ನೋಡಿದರು. ನೆಲಕ್ಕೆ ತಾನೇ ಕಾಲು ತಾಗಬಾರದು? ಯಾರಾದರೂ ಹೊತ್ತುಕೊಂಡು ಹೋದರೆ ಷರತ್ತು ಮುರಿದಂತಾಗುವುದಿಲ್ಲವಲ್ಲ. ಅಂಬಪ್ಪನ ಬೆನ್ನು ಹೇಗಿದೆ?

ಹೀಗೆ ಎರೆಗುಡ್ಡದ ಅರಸರು ತಮ್ಮ ರಾಜ್ಯಕ್ಕೆ ಮರಳಿದರು, ಕೊಳೆತ ಹಿಮ್ಮಡಿಯವನ ಬೆನ್ನೇರಿ, ಕೈಯಲ್ಲೊಂದು ಖಾಲಿ ಪಂಜರ ಹಿಡಿದುಕೊಂಡು. ಹೊಳೆಯ ನಡುವೆ ಇಸ್ಮಾಯಿಲ್‌ಸಾಬ್ ಓಡಿ ಬಂದು ತಾನೂ ಒಂದು ಕೈ ಕೊಡುತ್ತೇನೆ ಅಂದ. ಪ್ರಜೆಯ ಹೆಗಲೇ ಬೇಕು, ಕೂಲಿಯವರ ಹೆಗಲು ಬೇಡ ಎಂದು ಪ್ರಭುಗಳು ಅಪ್ಪಣೆ ಮಾಡಿದರು. ಹೊಳೆಯ ತಳದ ಒಂದೊಂದು ಕಲ್ಲೂ ಅಂಬಪ್ಪನ ಹಿಮ್ಮಡಿಯಲ್ಲಿ ಮಾತಾಡುತ್ತಿತ್ತು. ಅವನು ಹಲ್ಲು ಕಚ್ಚಿ ಅಮರೇಶ್ವರನ ಹೆಸರು ಹೇಳುತ್ತ ದಾಟಿದ.

ದಂಡೆಯಲ್ಲಿ ಮೆದು ಕೆಸರಿತ್ತು. ಅಂಬಪ್ಪ ಅಲ್ಲಿ ನಿಂತು, ಪ್ರಭುಗಳು ಇಳಿಯಬೇಕು ಎಂದು ಬೇಡಿಕೊಂಡ. ಪ್ರಭುಗಳು ಇಳಿಯುವ ಲಕ್ಷಣ ಕಾಣಲಿಲ್ಲ. ಮೇಲಿಂದಲೇ ಕೈ ಚಾಚಿ ಆ ಪೊದೆಯ ಕಡೆ ನಡೆ, ಈ ಪೊದೆಯ ಕಡೆ ನಡೆ ಎಂದರು. ಬಿಸಿಲು ಬಹಳ ಎಂದರು. ತಾತ ಮುತ್ತಾತಂದಿರು ಇಂಥ ರಾಜ್ಯಕ್ಕೆ ಯಾಕೆ ಬಡಿದಾಡಿದರೋ ಎಂದೂ ಅಂದರು. ಅಂಬಪ್ಪ ಎರಡು ಪೊದೆ ಸುತ್ತಿದ. ಪಟ್ಟಿಯ ಒಳಗಿಂದ ರಕ್ತ ಇಳಿದು ಎರೆಮಣ್ಣಿಗೆ ಸೇರುತ್ತಿತ್ತು. ಹಕ್ಕಿ ಒಂದೂ ಸಿಗದೆ ಮತ್ತೆ ಕೆಸರಿನ ಹತ್ತಿರ ಬಂದಾಗ ಇನ್ನೊಮ್ಮೆ ಬೇಡಿದ. ಕಾಲು ಹೋಗುತ್ತದೆ ಪ್ರಭು, ಒಂದು ಪಾದ ಊರಿಬಿಡಿ.

‘ನಿಂದೊಳ್ಳೆ ಕಾಟ ಆತಲ್ಲೋ,’ ಎಂದರು ಕನಕರಾಯರು ಹೆಗಲ ಮೇಲಿಂದ. ‘ನಾವ್ ಬರಬಾರದು ಅಂತನ ನಿಮ್ಮಣ್ಣ ಜೋಳ ಕಳಸ್ತಾನ. ಪ್ರತಿ ಸಂಕ್ರಾಂತಿಗೆ ಹೊಳಿ ಸ್ನಾನಕ್ಕ ಬಂದು, ಪ್ರಭೂ ಅಲ್ಲೇ ಇರ್ರಿ, ಮುಂದಿನ ವರ್ಷನೂ ಚೀಲ ಬರತಾವ ಅಂತ ಕೈ ಮುಗದು ಹೋಗ್ತಾನ. ನಿನಗ ಗೊತ್ತಿಲ್ಲೇನು?’

ಅಂಬಪ್ಪನಿಗೆ ಗೊತ್ತಿರಲಿಲ್ಲ. ಆ ಚೀಲಗಳನ್ನು ಬಂಡಿಗೆ ಏರಿಸಿದವನು ಅವನೇ, ಹೊಳೆ ದಾಟಿಸಿದವನೂ ಅವನೇ. ತನ್ನ ಕಾಲನ್ನು ಬರಿದಾಗಿ ಇಟ್ಟ ಕಾಳನ್ನು ತಾನೇ ಹೊತ್ತು ತಂದು ಕೊಟ್ಟಿದ್ದ. ಈಗ ಪ್ರಭುಗಳ ತೊಡೆಯನ್ನು ಹಿಡಿದಿದ್ದ ಎರಡೂ ಕೈಗಳನ್ನು ಬಿಟ್ಟುಬಿಟ್ಟ.

ಅರಸರು ಇಳಿದ ಸದ್ದು ಬಂಡಿಯಲ್ಲಿದ್ದ ಶೇಖರಮ್ಮನಿಗೂ ಕೇಳಿಸಿತು. ಎರಡೂ ಬೂಟು ಕೆಸರಿನಲ್ಲಿ ಹೂತವು. ಅಂಬಪ್ಪ ಅಲ್ಲೇ ಉದ್ದಂಡ ನಮಸ್ಕಾರ ಹಾಕಿದ. ಅದು ಅಣಕವಲ್ಲ, ನಿಜವಾದ ಭಕ್ತಿಯಿಂದಲೇ ಹಾಕಿದ. ಮೂವತ್ತು ವರ್ಷ ಕಾದವನಿಗೆ ಅಷ್ಟು ಸಂತೋಷವೂ ಬೇಡವೇ? ಕನಕರಾಯರು ಪಿಂಚಣಿ ಹೋಯಿತು, ಪಿಂಚಣಿ ಹೋಯಿತು ಎಂದು ಒದ್ದಾಡಿ, ಬೂಟಿನಿಂದ ಕಾಲು ಕಿತ್ತುಕೊಂಡು, ಪಂಜರವನ್ನೂ ಬಿಟ್ಟು, ಬರಿಗಾಲಲ್ಲಿ ಹೊಳೆಯ ಕಲ್ಲುಗಳ ಮೇಲೆ ಕುಣಿಯುತ್ತ ಆಚೆ ದಂಡೆಗೆ ಓಡಿದರು. ಅವರ ಆಳ್ವಿಕೆ ಅಷ್ಟಕ್ಕೆ ಮುಗಿಯಿತು.

ಕಂಡದ್ದನ್ನು ಕಂಡಂತೆ ಹೇಳುತ್ತೀಯಾ ಎಂದು ಶೇಖರಮ್ಮ ಇಸ್ಮಾಯಿಲ್‌ಸಾಬ್‌ನನ್ನು ಕೇಳಿದಳು. ‘ಯಾರ ಕೇಳಿದ್ರೂ ಹೇಳ್ತೀನ್ರೀ ಅವ್ವಾ,’ ಅಂದ ಅವನು. ‘ಎರಡೂ ಪಾದ ಊರ್ಯಾರ. ಊರಿದ್ದಷ್ಟ ಅಲ್ಲ, ಹುಗದಾರ.’

ಕೆಸರಿನಿಂದ ಬೂಟು ಕಿತ್ತು, ತೊಳೆದು, ಅಂಬಪ್ಪ ಅದರೊಳಗೆ ಕಾಲಿಡಲು ನೋಡಿದ. ಹೋಗಲಿಲ್ಲ. ಬರಿಗಾಲಲ್ಲಿ ನಡೆದು ನಡೆದು ಅವನ ಪಾದ ಮೊರದಗಲ ಆಗಿತ್ತು. ಅರಸರ ಬೂಟಿನಲ್ಲಿ ಅದರ ಬೆರಳು ಕೂಡ ಹಿಡಿಯಲಿಲ್ಲ. ಸಿಂಧನೂರಿನಲ್ಲಿ ಸಮಗಾರ ದುರುಗಪ್ಪನ ಮನೆಯ ಮುಂದೆ ಬಂಡಿ ನಿಲ್ಲಿಸಿದರು. ದುರುಗಪ್ಪ ಬೂಟನ್ನು ತಿರುವಿ ಮುರುವಿ ನೋಡಿ, ಇಂಥ ಚರ್ಮ ಕತ್ತರಿಸಲು ಮನಸ್ಸು ಬಾರದು ಎಂದ. ಕತ್ತರಿಸು ಎಂದಳು ಶೇಖರಮ್ಮ. ಒಬ್ಬ ಅರಸನ ಬೂಟಿನ ಚರ್ಮದಲ್ಲಿ ಒಬ್ಬ ಪ್ರಜೆಯ ಒಂದು ಜೊತೆ ಚಪ್ಪಲಿ ಸರಿಯಾಗಿ ಆಯಿತು. ಹಿಮ್ಮಡಿಗೆ ಒಳಗಿನ ಮೆತ್ತನೆ ಚರ್ಮ ಬಂತು.

ಮೊದಲು ಕಾಲು, ಆಮೇಲೆ ಜಗಳ ಎಂದು ಶೇಖರಮ್ಮ ಬಂಡಿಯನ್ನು ಬಿಳೇಕಲ್ಲಿಗೆ ಬಿಡದೆ ನೇರ ಲಿಂಗಸುಗೂರಿಗೆ ಹೊಡೆಸಿದಳು. ಫಾರ್ಕರ್ ಸಾಹೇಬ ಗಾಯ ನೋಡಿ ಒಂದಿಷ್ಟು ಬೈದ, ಕೊಳೆತ ಹಬ್ಬಿದ್ದ ಕಿರಿಬೆರಳೊಂದನ್ನು ತೆಗೆದ. ಉಳಿದ ಕಾಲು ಉಳಿಯುತ್ತದೆ ಎಂದ. ಶೇಕ್ಷಾವಲಿ ಹೊಳೆಯ ಸಂಗತಿಯನ್ನು ತಿರುವಿ ಹೇಳಿದಾಗ ಸಾಹೇಬ ಆ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಈ ಸಲ ನಗಲಿಲ್ಲ. ಲೋಟಕ್ಕೆ ಸುರುವಿಕೊಂಡು ವಾಡಿಕೆಯಂತೆ ಬೋಗುಣಿಯ ಕಡೆ ಕೈ ಚಾಚಿದವನು ನಡುವೆ ಕೈ ಹಿಂದಕ್ಕೆ ತೆಗೆದ. ಬೋಗುಣಿಯನ್ನು ಕಾಲಿನಿಂದ ಆಚೆ ಸರಿಸಿ, ಹಾಗೆಯೇ ಕುಡಿದ. ಅಂಬಪ್ಪ ಅದನ್ನು ಗಮನಿಸಿದ.

ಯುಗಾದಿಗೆ ಮೊದಲು ಗಂಡಹೆಂಡಿರು ಬಿಳೇಕಲ್ಲಿಗೆ ತಿರುಗಿದ ದಿನ ವಾಡೆಯಲ್ಲಿ ತಹಸೀಲದಾರರ ಊಟ ನಡೆದಿತ್ತು. ಊಟ ಮುಗಿದು ಪಡಸಾಲೆಯಲ್ಲಿ ತಾಂಬೂಲದ ತಟ್ಟೆ ಬಂದಿತ್ತು. ಅಂಬಪ್ಪ ಹಿಂಬಾಗಿಲಿಗೆ ಹೋಗಲಿಲ್ಲ. ಮುಂಬಾಗಿಲ ಕಲ್ಲುಹಾಸಿನ ಮೇಲೆ ಚಪ್ಪಲಿ ಸದ್ದು ಮಾಡುತ್ತ ನಡೆದು ಬಂದ. ಆ ಸದ್ದು ಕೇಳಿ ಆದೆಪ್ಪ ದೇಸಾಯಿಯ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು.

ತಹಸೀಲದಾರರಿಗೆ ಬಹಳ ಖುಷಿಯಾಯಿತು. ಹರಕೆ ತೀರಿತೇನು, ಯಾವ ದೇವರ ಹರಕೆ ಎಂದು ಆದರದಿಂದ ಕೇಳಿದರು. ಆದೆಪ್ಪ ತಮ್ಮನ ಮುಖ ನೋಡಿದ. ಎಂಥ ಹರಕೆ ಎಂದು ತಮ್ಮ ಬಾಯಿಬಿಟ್ಟರೆ ಜರಿ ರುಮಾಲು, ವತನಿನ ಹೊಲ, ವಾಡೆ ಎಲ್ಲವೂ ಈ ಪಡಸಾಲೆಯಲ್ಲೇ ಹೋಗುತ್ತವೆ. ಆಣೆ ಮುರಿದೆಯೋ ಎಂದು ತಾನು ಕೂಗುವ ಹಾಗೂ ಇಲ್ಲ, ಯಾವ ಆಣೆ ಎಂದು ಇವರು ಕೇಳುತ್ತಾರೆ.

‘ಹೊಳಿ ಆಚೀಗಿನ ದೇವರದ್ರಿ,’ ಎಂದ ಅಂಬಪ್ಪ. ‘ಈ ದಂಡಿಗೆ ಬಂದು ಪಾದ ಊರಿತ್ರಿ. ಹರಕಿ ತೀರಿತು.’

ದೊಡ್ಡ ದೇವರು ಎಂದು ತಹಸೀಲದಾರರು ತಲೆದೂಗಿ, ತಮ್ಮ ಕೈಯಿಂದಲೇ ತಾಂಬೂಲ ಕೊಟ್ಟರು. ಆದೆಪ್ಪನ ಕೈ ವಾಡಿಕೆಯಂತೆ ತಾಮ್ರದ ಬಟ್ಟಲನ್ನು ತಮ್ಮನ ಮುಂದೆ ಸರಿಸಿತು. ಅಂಬಪ್ಪ ಅದನ್ನು ಆಚೆ ಸರಿಸಿ, ತಾಂಬೂಲವನ್ನು ನೇರ ಬಾಯಿಗೆ ಹಾಕಿಕೊಂಡ.

ತಹಸೀಲದಾರರ ಕುದುರೆ ಜವಳಗೇರಾದ ದಾರಿ ಹಿಡಿದ ಮೇಲೆ ಆದೆಪ್ಪನಿಗೆ ಮಾತು ಬಂತು. ಆಗಿದ್ದು ಆಯಿತು, ಅರಸರು ಬಂದದ್ದು ನಿಜ, ಆದರೆ ತಿರುಗಿ ಹೋಗಿಯೂ ಬಿಟ್ಟರಲ್ಲ ಎಂದು ಶುರುಮಾಡಿದ. ನಾಳೆ ಕಾಲ ಹೇಗೆ ಬದಲಾಗುತ್ತದೋ ಯಾರು ಕಂಡವರು. ಮನೆತನದಿಂದ ಒಬ್ಬರಾದರೂ ಆ ಕಡೆ ಇರಬೇಕು. ಅದಕ್ಕಾಗಿ ಆಣೆಯನ್ನು ಹೊಸದಾಗಿ ಮಾಡಬೇಕು ಎಂದ. ಅಂಬಪ್ಪ ಎಲ್ಲವನ್ನೂ ಕೇಳಿದ. ಹೊಸ ಆಣೆಗೆ ಹೊಸ ಕಿರಿಯ ಬೇಕಲ್ಲ, ನಿನಗೂ ಇಬ್ಬರು ಗಂಡುಮಕ್ಕಳು ಇದ್ದಾರೆ, ಚಿಕ್ಕವನನ್ನು ಅರಸರಿಗೆ ಕೊಡು, ಜೋಳದ ಚೀಲವನ್ನು ನಾನೇ ಹೊತ್ತು ಹಾಕುತ್ತೇನೆ ಎಂದ.

ಹೊಸ್ತಿಲ ಹೊರಗೆ ಆದೆಪ್ಪನ ಚಿಕ್ಕ ಮಗನ ಮೋಜಡಿ ಜೋಡುಗಳು ಬಿದ್ದಿದ್ದವು, ಹೈದರಾಬಾದಿನಿಂದ ತರಿಸಿದವು, ಕೆಂಪು ಮಖಮಲ್ಲಿನವು. ಆದೆಪ್ಪ ಅವುಗಳನ್ನು ನೋಡುತ್ತ ನಿಂತ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ತಕ್ಷಣ ಲೆಕ್ಕ ಸಿಗಲಿಲ್ಲ.

‘ಅವನ ಕಾಲು ಭಾಳ ಮೆತ್ತಗ ಅದಾವಲ್ಲೋ ಅಂಬ್ಯಾ,’ ಎಂದ ಕೊನೆಗೆ.

‘ನನ್ನವೂ ಮೆತ್ತಗ ಇದ್ದುವಣ್ಣಾ,’ ಎಂದ ಅಂಬಪ್ಪ.

ಆಮೇಲೆ ಆ ಮನೆಯಲ್ಲಿ ಆಣೆಯ ಮಾತು ಯಾರೂ ಎತ್ತಲಿಲ್ಲ. ಅಂಬಪ್ಪ ಬಾವಿಹೊಲದ ಕಡೆ ಹೊರಟ. ಶೇಖರಮ್ಮ ಅಡುಗೆಮನೆಯ ಗೂಟಕ್ಕೆ ತೂಗುಹಾಕಿದ್ದ ಚಿಮಟವನ್ನು ತೆಗೆದು ಒಲೆಯ ಕೆಂಡ ಸರಿಸಲು ಇಟ್ಟುಕೊಂಡಳು.